ಕೈತುತ್ತು ತಿಂದ ಏಡಿಗಳು

ಊರ ಒಡೆಯ ತೀರಿಕೊಂಡನೆಂದು ಮರದ ನಗಾರಿ ಬಡಿಯತೊಡಗಿದಾಗ ವಿಲಿಸಿ ಕಡಲಂಚಿನ ಕಾಂಡ್ಲಾ ಕಾಡಿನೊಳಗೆ, ಮೊಣಕಾಲು ಮುಳುಗುವ ಕೆಸರಲ್ಲಿ ನಿಂತು ಏಡಿಗಳಿಗೆ ಮೀನಿನ ಕರುಳು ಹಾಕುತ್ತಿದ್ದಳು. ಮದುವೆಗೆ ಬಡಿಯುವ ಬಗೆಯೇ ಬೇರೆ, ಸಾವಿಗೆ ಬಡಿಯುವ ಬಗೆಯೇ ಬೇರೆ. ಮೂರು ಪೆಟ್ಟು ಬೀಳುವಷ್ಟರಲ್ಲಿ ಗೊತ್ತಾಯಿತು. ಒಡೆಯ ಒಳ್ಳೆಯ ಮನುಷ್ಯ. ಅವಳ ಗಂಡ ಸತ್ತಾಗ ಗಂಡನ ಕಡೆಯವರು ಅವಳನ್ನು ಗಂಟುಮೂಟೆ ಸಮೇತ ದೋಣಿ ಹತ್ತಿಸಿ ಕಳಿಸಿದ್ದರು. ಆಗ 'ನಮ್ಮ ಹುಡುಗಿ, ನಮ್ಮೂರಲ್ಲೇ ಇರಲಿ' ಎಂದವನು ಅವನೊಬ್ಬನೇ. ಅಂಥವನು ಹೋದನೆಂದು ಕೇಳಿದರೂ ಅವಳ ಬಾಯಿಂದ ಮೊದಲು ಹೊರಟದ್ದು "ಅಯ್ಯೋ, ನನ್ನ ಏಡಿಗಳು" ಎಂಬ ಮಾತು. ನಾಚಿಕೆಯಾಯಿತು. ಆದರೆ ನಾಚಿಕೊಳ್ಳುವುದಕ್ಕೂ ಮೈಯಲ್ಲಿ ಕಸುವು ಬೇಕಲ್ಲ. ಬೆಳಗಿನಿಂದ ಅವಳು ಏನೂ ತಿಂದಿರಲಿಲ್ಲ.

ವುನಿದೋಗೋ ಎಂಬ ಆ ದ್ವೀಪದ ಊರಲ್ಲಿ ಒಡೆಯ ಸತ್ತರೆ ಕಡಲಿಗೆ ಕಟ್ಟು ಬೀಳುತ್ತದೆ. ಹೊರಗಿನ ಹವಳದ ದಿಬ್ಬದಿಂದ ಹಿಡಿದು ಈಚೆಯ ಕಾಂಡ್ಲಾ ಕಾಡಿನ ತನಕ ನೂರು ರಾತ್ರಿ ಯಾರೂ ಬಲೆ ಹಾಕುವಂತಿಲ್ಲ, ಗಾಳ ಇಳಿಸುವಂತಿಲ್ಲ, ಒಂದು ಚಿಪ್ಪನ್ನೂ ಹೆಕ್ಕುವಂತಿಲ್ಲ. ಕಡಲೂ ಸೂತಕ ಹಿಡಿಯಬೇಕು ಎನ್ನುತ್ತಾರೆ. ಗದ್ದೆ ತೋಟ ಇದ್ದವರಿಗೆ ಇದೇನೂ ಭಾರವಲ್ಲ, ಮರಗೆಣಸು ಕಿತ್ತು ತಿಂದುಕೊಂಡು ಸೂತಕ ಮಾಡುತ್ತಾರೆ. ಕೆಸರನ್ನೇ ನಂಬಿದ ಹೆಂಗಸರು ಏನು ತಿಂದು ಸೂತಕ ಮಾಡಬೇಕೆಂದು ಹಿಂದಿನವರು ಹೇಳಿಹೋಗಿಲ್ಲ.

ವಿಲಿಸಿಗೆ ನಲವತ್ತೆಂಟು. ನಾಲ್ಕು ವರ್ಷದಿಂದ ತಮ್ಮ ಅಪೊರೋಸನ ಅಡುಗೆಮನೆಯಲ್ಲಿ ಮಲಗುತ್ತಾಳೆ. ಅಡುಗೆಮನೆಯೆಂದರೆ ಮನೆಯಿಂದ ಹತ್ತು ಹೆಜ್ಜೆ ದೂರದ ಒಂದು ಗುಡಿಸಲು, ಮೂರು ಕಡೆ ಗೋಡೆ, ಒಂದು ಕಡೆ ಗಾಳಿ. ತಮ್ಮನ ಹೆಂಡತಿ ಲನಿಯಾನ ಕೆಟ್ಟವಳಲ್ಲ. ಆದರೆ ಬೆಳಗಿನ ಜಾವ ಒಲೆ ಹಚ್ಚಲು ಬಂದಾಗ, ಮಲಗಿದ ಅತ್ತಿಗೆಯನ್ನು ದಾಟಿಕೊಂಡು ಹೋಗುವಾಗ ಅವಳು ಬಿಡುವ ಉಸಿರೊಂದಿದೆ. ಆ ಉಸಿರನ್ನು ವಿಲಿಸಿ ನಾಲ್ಕು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದಾಳೆ. ನೆಲ ತಮ್ಮ ಕೊಟ್ಟಿದ್ದಾನೆ, ಕಂಬಕ್ಕೆ ಮರ ಕಾಡಿನಲ್ಲಿದೆ, ಗೋಡೆಗೆ ಬಿದಿರೂ ಇದೆ. ಇಲ್ಲದ್ದು ತಗಡು. ಗಾಳಿಗಾಲ ಶುರುವಾಗುವ ಮೊದಲು ಹನ್ನೆರಡು ತಗಡು ಸಿಕ್ಕಿದರೆ ಅವಳದೇ ಒಂದು ಕೋಣೆ ಆಗುತ್ತದೆ, ಯಾರೂ ಅವಳನ್ನು ದಾಟಿಕೊಂಡು ಹೋಗಬೇಕಾಗಿಲ್ಲ.

ಆ ಹನ್ನೆರಡು ತಗಡಿನ ಆಸೆ ಹುಟ್ಟಿಸಿದವಳು ಕೆಲೆರ. ಕೈಯಲ್ಲಿ ಏನೂ ಇಲ್ಲದ ಹೆಂಗಸರಿಗೆ ಒಂದು ಕಸುಬು ಕೂರಿಸಿಕೊಡುವ ಸಂಸ್ಥೆಯೊಂದರ ಹುಡುಗಿ, ದೊಡ್ಡ ದ್ವೀಪದ ಕಡೆಯವಳು, ಇಪ್ಪತ್ತಾರರ ವಯಸ್ಸು. ವರ್ಷದ ಹಿಂದೆ ಬಂದು ಆರು ಜನ ಹೆಂಗಸರನ್ನು ಕೂರಿಸಿಕೊಂಡು, ಒಂದು ವರ್ಷದಲ್ಲಿ ನಿಮಗೆ ಏನಾಗಬೇಕು ಎಂದು ಕೇಳಿದ್ದಳು. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಲಿಸಿ "ಸೂರು" ಎಂದಳು. ಕೆಲೆರ ಅದನ್ನು ಬರೆದುಕೊಂಡಳು.

ಕಸುಬು ಹೊಸದೇನಲ್ಲ. ಏಡಿ ಹಿಡಿಯುವುದು ಈ ಹೆಂಗಸರಿಗೆ ಹುಟ್ಟಿನಿಂದ ಗೊತ್ತು. ಆದರೆ ಹಿಡಿದ ನಾಲ್ಕರಲ್ಲಿ ಎರಡು ಟೊಳ್ಳು: ಆಗಷ್ಟೇ ಚಿಪ್ಪು ಕಳಚಿ ಹೊಸದು ಹೊದ್ದ ಏಡಿ, ಒಳಗೆ ಬರೀ ನೀರು. ಹೊಟ್ಟೆಯಡಿ ಹೆಬ್ಬೆರಳಿಂದ ಒತ್ತಿದರೆ ಚಿಪ್ಪು ಒಳಕ್ಕೆ ಬಾಗುತ್ತದೆ. ಪೇಟೆಯವರು ಅಂಥದನ್ನು ಮೂಸಿಯೂ ನೋಡುವುದಿಲ್ಲ. ಅದನ್ನು ಬಿದಿರಿನ ಗೂಡಿನಲ್ಲಿಟ್ಟು ಸಾಕಿದರೆ ತಿಂಗಳಲ್ಲಿ ಮಾಂಸ ತುಂಬುತ್ತದೆ. ಒಂದೊಂದಕ್ಕೂ ಬೇರೆ ಬೇರೆ ಕೋಣೆ ಬೇಕು, ಇಲ್ಲದಿದ್ದರೆ ಗಟ್ಟಿಯದು ಮೆತ್ತನೆಯದನ್ನು ತಿಂದುಹಾಕುತ್ತದೆ. "ಏಡಿಗೂ ಅದರದೇ ಕೋಣೆ ಇದೆ ನೋಡೇ, ನನಗಿಲ್ಲ" ಎಂದು ವಿಲಿಸಿ ಲನಿಯಾನಳ ಹತ್ತಿರ ತಮಾಷೆ ಮಾಡಿದ್ದಳು. ಲನಿಯಾನ ನಕ್ಕಿರಲಿಲ್ಲ.

ಮೊದಲ ಗೂಡುಗಳನ್ನು ಮಳೆಯ ಹೊಳೆ ಕೊಚ್ಚಿಕೊಂಡು ಹೋಯಿತು. ಎರಡನೆಯ ಸಲ ಕೂಡಿಹಾಕಿದ ಏಡಿಗಳು ಬಿಸಿಲಿಗೆ ಸತ್ತವು. ಇದು ಮೂರನೆಯ ಸಲ. ವಿಲಿಸಿಯ ಗೂಡಿನಲ್ಲಿ ನಲವತ್ತಮೂರು ಏಡಿ, ಎಲ್ಲ ಗಟ್ಟಿ, ಒತ್ತಿದರೆ ಕಲ್ಲು. ಬರುವ ಶುಕ್ರವಾರ ಪೇಟೆಯ ಹೋಟೆಲಿನವನ ಲಾರಿ ಬರುವುದಿತ್ತು. ಒಡೆಯ ಸತ್ತದ್ದು ಅದರ ಹಿಂದಿನ ಶನಿವಾರ.

ಸೋಮವಾರ ಕೆಲೆರ, ಹಿರಿಯರು ಅರೆದು ನೀರಲ್ಲಿ ಕಲಸಿ ಕುಡಿಯುವ ಯಂಗೋನ ಬೇರಿನ ಕಟ್ಟು ಹಿಡಿದು ಸಾವಿನ ಮನೆಗೆ ಬಂದಳು. ಹೆಂಗಸರ ಜೊತೆ ಕೂತು ಅತ್ತು, ಸಂಜೆ ಅಡುಗೆಮನೆಗೆ ಬಂದು ವಿಲಿಸಿಯ ಮುಂದೆ ಕುಕ್ಕರಿಸಿದಳು.

"ಅಕ್ಕಾ, ಹಿರಿಯರ ಹತ್ರ ಒಂದು ಮಾತು ಕೇಳಬಾರದಾ? ಗೂಡಲ್ಲಿರೋದಕ್ಕೆ ಮಾತ್ರ ಬಿಡಿಸಿಕೊಡಿ ಅಂತ?"

"ಹೆಣ ಇನ್ನೂ ಮಣ್ಣಿಗೆ ಹೋಗಿಲ್ಲ. ಏಡಿ ಮಾತು ಎತ್ತಿದರೆ ಮುಖಕ್ಕೆ ಉಗೀತಾರೆ ಕಣಮ್ಮಾ."

"ನೂರು ರಾತ್ರಿ ಅವನ್ನ ಸಾಕ್ತೀಯಾ? ಮೀನಿನ ಕರುಳು ಎಲ್ಲಿಂದ ತರ್ತೀಯಾ?"

ಕಡಲು ಮುಚ್ಚಿದ ಮೇಲೆ ಎರಡು ದಿನ ವಿಲಿಸಿ ಹೊಳೆಯ ಮೇಲ್ಗಡೆ ಒಂದು ಗಂಟೆ ನಡೆದು, ಸಿಹಿನೀರಿನ ಚಿಪ್ಪು ಮುಳುಗಿ ತೆಗೆದು, ಜಜ್ಜಿ ಏಡಿಗಳಿಗೆ ಹಾಕಿದ್ದಳು. ತಾನು ತಿಂದದ್ದು ಬೇಯಿಸಿದ ಮರಗೆಣಸು, ಅದೂ ಒಂದೇ ಹೊತ್ತು. ಹೀಗೆ ನೂರು ದಿನ ಆಗುವ ಮಾತಲ್ಲ. ಅವಳಿಗೂ ಗೊತ್ತಿತ್ತು, ಕೆಲೆರಳಿಗೂ ಗೊತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಎದ್ದು ಅಪೊರೋಸನನ್ನು ಮುಂದೆ ಮಾಡಿಕೊಂಡು, ಅವನ ಕೈಯಲ್ಲಿ ಕೆಲೆರ ಕೊಟ್ಟಿದ್ದ ಇನ್ನೊಂದು ಕಟ್ಟು ಯಂಗೋನ ಬೇರು ಹಿಡಿಸಿ, ಹಿರಿಯರು ಕೂತಿದ್ದ ಚಪ್ಪರಕ್ಕೆ ಹೋದಳು. ತಾನು ಬಾಗಿಲ ಬಳಿ ಚಾಪೆಯ ಅಂಚಿನಲ್ಲಿ ಕೂತಳು. ಒಡೆಯನ ನಂತರ ಊರಿನ ಮಾತು ಆಡುವವನು ರುಪೆನಿ, ಎಪ್ಪತ್ತು ದಾಟಿದ ಮುದುಕ, ವಿಲಿಸಿಗೆ ದೊಡ್ಡಪ್ಪನ ಲೆಕ್ಕ. ಅಪೊರೋಸ ಬೇರು ಒಪ್ಪಿಸಿ ಹಿಂದಕ್ಕೆ ಸರಿದು ಕೂತ. ಅವನ ಧೈರ್ಯ ಅಲ್ಲಿಗೆ ಮುಗಿಯಿತು.

"ಏನಮ್ಮಾ ಅದು, ನೀನೇ ಹೇಳು," ಎಂದ ರುಪೆನಿ.

ವಿಲಿಸಿ ತಲೆ ತಗ್ಗಿಸಿಕೊಂಡೇ ಹೇಳಿದಳು: "ದೊಡ್ಡಪ್ಪಾ, ಕಡಲು ಹೋದ ಒಡೆಯರದು. ನಾನು ಅದರಲ್ಲಿ ಬೆರಳು ಅದ್ದಲ್ಲ. ಗೂಡಲ್ಲಿರೋವು ಕಡಲಿನವಲ್ಲ. ತಿಂಗಳಿಂದ ನನ್ನ ಕೈಯಿಂದ ತಿಂತಿದಾವೆ. ನಾವು ಹಂದಿ ಸಾಕಲ್ವಾ, ಕೋಳಿ ಸಾಕಲ್ವಾ, ಹಂಗೆ ಇವೂನೂವೆ. ಸೂತಕದಲ್ಲಿ ಹಂದಿ ಮುಟ್ಟಬೇಡಿ ಅಂತ ಯಾರೂ ಹೇಳಲ್ಲವಲ್ಲ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ "ಏಡಿಗೂ ಹಂದಿಗೂ ಎಲ್ಲಿಂದ ಎಲ್ಲಿಗೆ" ಎಂದು ಗೊಣಗಿದ. ಇನ್ನೊಬ್ಬ "ಹೆಸರಿಟ್ಟಿದೀಯೇನಮ್ಮಾ ಅವಕ್ಕೆ?" ಎಂದು ಕೇಳಿ ತಾನೇ ನಕ್ಕ. ರುಪೆನಿ ತೆಂಗಿನ ಚಿಪ್ಪಿನಲ್ಲಿದ್ದ ಯಂಗೋನವನ್ನು ಒಂದೇ ಗುಟುಕಿಗೆ ಕುಡಿದು, ಬಾಯಿ ಒರೆಸಿಕೊಂಡು ಚಿಪ್ಪನ್ನು ಕೆಳಗಿಟ್ಟ.

"ಹುಡುಗಿ ಹೇಳೋದು ಸರಿ ಇದೆ," ಎಂದ ಕೊನೆಗೆ. "ಕೈಯಿಂದ ತುತ್ತು ತಿಂದದ್ದು ಸಾಕಿದ ಪ್ರಾಣಿ. ಗೂಡಲ್ಲಿರೋವು ಹಂದಿ ಕೋಳಿ ಲೆಕ್ಕ. ಕಟ್ಟು ಕಡಲಿಗೆ ಮಾತ್ರ. ನಾಳೆ ಯಾರೂ ಇದನ್ನ ಬೇರೆ ಥರ ಮಾತಾಡಬಾರದು."

ವಿಲಿಸಿ ಕೆಸರುಗಟ್ಟಿದ ಲಂಗದಲ್ಲೇ ಅಡುಗೆಮನೆಗೆ ಓಡಿದಳು. ಓಡಿದಳು ಎಂದರೆ ಅವಳ ಮಂಡಿಗಳು ಎಷ್ಟು ಬಿಟ್ಟವೋ ಅಷ್ಟು. ಕೆಲೆರ ಅವಳನ್ನು ಅಪ್ಪಿಕೊಂಡು ಕುಣಿದಳು. ಆರೂ ಹೆಂಗಸರು ಸೇರಿ ಒಂದೇ ಮಡಕೆ ಚಹಾ ಕುಡಿದರು. ಅಷ್ಟು ಜನರಲ್ಲಿ ಒಬ್ಬಳಿಗಾದರೂ, ಹಂದಿ ಕೋಳಿಗಳ ಲೆಕ್ಕಕ್ಕೆ ಸೇರಿದ ಮೇಲೆ ಹಂದಿ ಕೋಳಿಗಳ ಗತಿಯೂ ಬರುತ್ತದೆ ಎಂದು ಹೊಳೆಯಬೇಡವೇ? ಹೊಳೆಯಲಿಲ್ಲ. ಬಡವರಿಗೆ ಒಮ್ಮೆ ಗೆದ್ದರೆ ಮುಂದಿನದನ್ನು ಯೋಚಿಸಲು ತ್ರಾಣ ಉಳಿದಿರುವುದಿಲ್ಲ.

ಗುರುವಾರ ಮಣ್ಣು. ಅಂದು ಬೆಳಗ್ಗೆ ತೌವೂಗಳ ದೋಣಿ ಬಂತು.

ವುನಿದೋಗೋದ ಮೂಲದೈವವೂ ಆಚೆ ದ್ವೀಪದ ನಮೋಸೌ ಊರಿನ ಮೂಲದೈವವೂ ಒಂದೇ. ಹಾಗಾಗಿ ಎರಡೂ ಊರಿನವರು ಒಬ್ಬರಿಗೊಬ್ಬರು ತೌವೂ. ತೌವೂ ಬಂದರೆ ಬಾಗಿಲಿಗೆ ಚಿಲಕ ಹಾಕುವಂತಿಲ್ಲ. ಅವರು ನಿಮ್ಮನ್ನು ಬಾಯಿಗೆ ಬಂದಂತೆ ಬಯ್ಯಬಹುದು, ನಿಮ್ಮ ಹಂದಿ ಕಡಿಯಬಹುದು, ಕೋಳಿ ಹಿಡಿಯಬಹುದು, ತೋಟದ ಗೆಡ್ಡೆ ಕೀಳಬಹುದು, ಒಲೆಯ ಮೇಲಿನ ಮಡಕೆ ಹೊತ್ತೊಯ್ಯಬಹುದು. ನೀವು ನಗಬೇಕು. ಮುಖ ಗಂಟಿಕ್ಕಿದರೆ ದೈವಕ್ಕೆ ಅವಮಾನ, ಊರಿಗೆ ಅವಮಾನ. ಸಾವಿನ ಮನೆಯಲ್ಲಂತೂ ಅವರ ಗಲಾಟೆ ಇರಲೇಬೇಕು. ಅಳುವವರನ್ನು ನಗಿಸುವ ಕೆಲಸ ಅವರದು. ಸೂತಕದ ಕಡಲನ್ನು ಮಾತ್ರ ಅವರೂ ಮುಟ್ಟುವುದಿಲ್ಲ.

ಮಣ್ಣು ಮುಗಿದು ಜನ ಮೈ ಕೈ ತೊಳೆಯುತ್ತಿದ್ದಾಗ ಉಲಮಿಲ ಎಂಬ ತೌವೂ ಹೆಂಗಸು ಹೂವಿನ ಲಂಗ ಮೊಣಕಾಲಿಗೆ ಎತ್ತಿಕಟ್ಟಿಕೊಂಡು ಬಂದಳು. ಐವತ್ತರ ಆಸುಪಾಸು, ಮುಂದಿನ ಹಲ್ಲು ಎರಡಿಲ್ಲ, ದನಿ ಊರಿಗೆಲ್ಲ ಕೇಳುವಂಥದು.

"ಏ ವುನಿದೋಗೋದ ಕಪ್ಪೆಗಳಾ! ನಿಮ್ಮೂರಲ್ಲಿ ಏಡಿಗಳು ಹಂದಿಗಳಾಗಿದಾವಂತೆ, ಹೌದೇನ್ರೇ?"

ಹಿರಿಯರ ಚಪ್ಪರದಲ್ಲಿ ಯಾರೋ ಹೇಳಿದ್ದಿರಬೇಕು. ಕಥೆ ಚೆನ್ನಾಗಿತ್ತಲ್ಲ, ಹೇಳದೆ ಇರುತ್ತಾರೆಯೇ. ಹಿಂದೆಯೇ ಹತ್ತು ಹನ್ನೆರಡು ಜನ ತೌವೂಗಳು ಬುಟ್ಟಿ ಹಿಡಿದು ಕಾಂಡ್ಲಾ ಕಾಡಿಗೆ ಇಳಿದು ಆರೂ ಹೆಂಗಸರ ಗೂಡುಗಳಿಗೆ ಕೈ ಹಾಕಿದರು. ವಿಲಿಸಿ ಓಡಿ ಮುಟ್ಟುವಷ್ಟರಲ್ಲಿ ಉಲಮಿಲ ಅವಳದೇ ಗೂಡಿನ ಮುಚ್ಚಳ ಕಿತ್ತು ಏಡಿಯೊಂದನ್ನು ಹಿಂದಿನಿಂದ ಹಿಡಿದು ಎತ್ತಿದ್ದಳು. ಹೆಬ್ಬೆರಳಿಂದ ಹೊಟ್ಟೆ ಒತ್ತಿ ನೋಡಿ ಕಣ್ಣರಳಿಸಿದಳು.

"ಅಬ್ಬಬ್ಬಾ! ಯಾವಳೇ ಇವನ್ನ ಸಾಕಿದೋಳು? ಗಂಡನ್ನೂ ಹಿಂಗೇ ಸಾಕಿದ್ರೆ ಸಾಯ್ತಿರಲಿಲ್ಲವಲ್ಲೇ!"

ಎಲ್ಲರೂ ಹೋ ಎಂದು ನಕ್ಕರು. ಕೆಲೆರ ಕೆಸರಲ್ಲಿ ಕಾಲು ಕೀಳುತ್ತ ಮುಂದೆ ಬಂದಳು.

"ನಾನು ಹೇಳ್ತೀನಿ ಅಕ್ಕಾ. ಇದು ನಿನ್ನ ಸೂರು, ಹೇಳಿದರೆ ಅರ್ಥ ಮಾಡ್ಕೋತಾರೆ—"

ವಿಲಿಸಿ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಳು. "ಬಾಯಿ ಮುಚ್ಕೊಂಡು ನಗು."

"ಅಕ್ಕಾ!"

"ನಗು ಅಂದೆ. ನಿನಗೆ ನಾಳೆ ಬೇರೆ ಊರಿದೆ, ನನಗೆ ಇದೊಂದೇ."

ಆಮೇಲೆ ವಿಲಿಸಿ ನಕ್ಕಳು. ಉಲಮಿಲ ಅವಳ ಮುಖಕ್ಕೆ ಕೆಸರು ಬಳಿದಳು, ಅದಕ್ಕೂ ನಕ್ಕಳು. ನಲವತ್ತಮೂರು ಏಡಿಗಳನ್ನು ಒಂದೊಂದಾಗಿ ನಾರಿನಿಂದ ಕಟ್ಟಿ ಬುಟ್ಟಿಗೆ ಹಾಕುವಾಗ, ಒಬ್ಬ ಹುಡುಗಿಗೆ ಕಟ್ಟಲು ಬರುತ್ತಿರಲಿಲ್ಲ, ವಿಲಿಸಿಯೇ ಕಟ್ಟಿಕೊಟ್ಟಳು. ನಗು ಹೊಟ್ಟೆಯಿಂದ ಬರುವುದಿತ್ತು, ಗಂಟಲಿಂದ ಬಂತು. ಗಂಟಲು ನೋವಾಗುವ ತನಕ ನಕ್ಕಳು.

ಅಂದಿನ ಊಟಕ್ಕೆ ಏಡಿಗಳನ್ನು ತೆಂಗಿನಹಾಲಿನಲ್ಲಿ ಬೇಯಿಸಿದರು. ಉಲಮಿಲ ಅತಿ ದೊಡ್ಡ ಕಾಲೊಂದನ್ನು ಕಲ್ಲಿನಿಂದ ಒಡೆದು, ಬಿಳಿಯ ಮಾಂಸವನ್ನು ಬಿಡಿಸಿ ವಿಲಿಸಿಯ ಎಲೆಗೆ ಹಾಕಿದಳು. ಹುಟ್ಟಿದಾಗಿನಿಂದ ಏಡಿ ಹಿಡಿಯುತ್ತ ಬಂದವಳು ವಿಲಿಸಿ. ತುಂಬಿದ್ದನ್ನು ಮಾರಿ, ಟೊಳ್ಳನ್ನು ಸಾರು ಮಾಡಿಕೊಂಡು ತಿಂದೇ ಅಭ್ಯಾಸ. ತುಂಬಿದ ಏಡಿಯ ರುಚಿ ಅವಳು ಮೊದಲ ಸಲ ನೋಡಿದ್ದು ಅಂದು. ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಅದು ಅಷ್ಟು ಚೆನ್ನಾಗಿದ್ದದ್ದೇ ಅವಳಿಗೆ ಸಹಿಸಲಾಗಲಿಲ್ಲ.

"ಹೆಂಗಿದೆಯೇ ಕಪ್ಪೇ?" ಎಂದಳು ಉಲಮಿಲ. "ನಮ್ಮೂರಿಗೂ ಬಾ, ಏನು ಬೇಕೋ ಹೊತ್ಕೊಂಡು ಹೋಗು."

"ಬರ್ತೀನಿ," ಎಂದಳು ವಿಲಿಸಿ. "ಬಂದು ನಿನ್ನ ಮನೆ ತಗಡು ಕಿತ್ಕೊಂಡು ಹೋಗ್ತೀನಿ."

ಆ ದಿನದ ಮಾತುಗಳಲ್ಲೆಲ್ಲ ಜನ ಹೆಚ್ಚು ನಕ್ಕದ್ದು ಈ ಮಾತಿಗೆ. ರುಪೆನಿಯ ಕಣ್ಣಲ್ಲೂ ನೀರು ಬಂತು. ಸತ್ತವನ ಹೆಂಡತಿಯೂ ಐದು ದಿನದ ಮೇಲೆ ಮೊದಲ ಸಲ ನಕ್ಕಳು. ಲನಿಯಾನ ಒಬ್ಬಳೇ ನಗಲಿಲ್ಲ, ಅತ್ತಿಗೆಯ ಮುಖ ನೋಡಿ ಎಲೆಯ ಕಡೆ ಬಗ್ಗಿದಳು.

ಶುಕ್ರವಾರ ಲಾರಿ ಬಂದು ಖಾಲಿ ಹೋಯಿತು. ಹೋಟೆಲಿನವನ ಆಳು, ಇನ್ನು ಮೇಲೆ ಹೊಳೆಯ ಆಚೆಯ ಊರಿನಿಂದಲೇ ತೆಗೆದುಕೊಳ್ಳುತ್ತೇವೆ ಎಂದು ಹೇಳಿಹೋದ. ಕೆಲೆರ ತನ್ನ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದಳು.

"ಏನಂತ ಬರೀಲಿ ಅಕ್ಕಾ? ಏಡಿಗಳು ಎಲ್ಲಿ ಹೋದವು ಅಂತ ಮೇಲಿನವರು ಕೇಳ್ತಾರೆ."

"ನೆಂಟರು ಬಂದಿದ್ರು, ಊಟ ಮಾಡಿದ್ರು ಅಂತ ಬರಿ."

"ಅದಕ್ಕೆ ಜಾಗ ಇಲ್ಲ ಇದರಲ್ಲಿ."

"ಹಂಗಾದ್ರೆ ಏನೂ ಬರೀಬೇಡ," ಎಂದಳು ವಿಲಿಸಿ. ಅವಳಿಗೆ ಮಲಗಬೇಕಾಗಿತ್ತು. ಆದರೆ ಮಲಗುವ ಜಾಗದಲ್ಲಿ ಲನಿಯಾನ ಸೂತಕದ ಹತ್ತನೆಯ ರಾತ್ರಿಯ ಊಟಕ್ಕೆಂದು ಗೆಡ್ಡೆಗಳನ್ನು ರಾಶಿ ಹಾಕಿದ್ದಳು.

ಹತ್ತನೆಯ ರಾತ್ರಿ ಕಳೆದು ತೌವೂಗಳು ಹೊರಟಾಗ ವಿಲಿಸಿ ಅವರ ದೋಣಿ ಹತ್ತಿದಳು. ಸೊಂಟದಲ್ಲಿ ಅಪೊರೋಸನ ಸುತ್ತಿಗೆ ಸಿಕ್ಕಿಸಿಕೊಂಡಿದ್ದಳು. ದೋಣಿಯವರಿಗೆ ಹಬ್ಬ.

"ತಗಡಿಗೆ ಬಂದ್ಲು ಕಣ್ರೋ! ಉಲಮಿಲಾ, ಇವತ್ತು ನಕ್ಷತ್ರ ನೋಡ್ತಾ ಮಲಗ್ತೀಯ ನೀನು!"

ಉಲಮಿಲ ಎಲ್ಲರಿಗಿಂತ ಜೋರಾಗಿ ನಕ್ಕಳು. ವಿಲಿಸಿ ನಗಲಿಲ್ಲ, ಕಿತ್ತುಕೊಳ್ಳುವ ಸರದಿ ಅವಳದು, ನಗಬೇಕಾದವರು ಅವರು. ದಾರಿಯುದ್ದಕ್ಕೂ ಅವಳು ಒಂದೇ ಯೋಚಿಸಿದಳು: ಹನ್ನೆರಡು. ಹತ್ತಾದರೂ ಸಾಕು. ಇದರಲ್ಲಿ ತಪ್ಪೇನಿದೆ? ಪದ್ಧತಿ ತನ್ನ ಏಡಿಗಳನ್ನು ತಿಂದಿತಲ್ಲ, ತನಗೂ ಒಂದಿಷ್ಟು ಕೊಡಲಿ.

ಉಲಮಿಲಳ ಮನೆ ನಮೋಸೌ ಊರಿನ ಕೊನೆಯಲ್ಲಿ, ಗುಡ್ಡದ ಇಳಿಜಾರಿಗೆ ಆತುಕೊಂಡಿತ್ತು. ಒಂದೇ ಕೋಣೆ. ಮಾಡಿಗೆ ಹನ್ನೊಂದು ತಗಡು, ವಿಲಿಸಿ ಕೆಳಗಿನಿಂದಲೇ ಎಣಿಸಿದಳು. ಹಿಂದುಗಡೆಯವು ತುಕ್ಕು ಹಿಡಿದು ಜಾಲರಿಯಾಗಿದ್ದವು, ತೂತುಗಳಿಗೆ ಹಿಟ್ಟಿನ ಚೀಲ ತುರುಕಿತ್ತು. ಮುಂದುಗಡೆ ನಾಲ್ಕು ಗಟ್ಟಿಯಾಗಿದ್ದವು. ಆ ನಾಲ್ಕರ ಕೆಳಗೆ ಚಾಪೆಗಳು ಒತ್ತಾಗಿ ಹಾಸಿದ್ದವು. ಮಗಳು, ಮಗಳ ಮೂರು ಮಕ್ಕಳು, ಒಂದು ಹಸುಗೂಸು, ಉಲಮಿಲ, ಅಷ್ಟೂ ಜನ ಮಳೆ ಬಂದರೆ ಅಲ್ಲೇ ಸೇರಿಕೊಳ್ಳುತ್ತಾರೆಂದು ನೋಡಿದರೆ ತಿಳಿಯುತ್ತಿತ್ತು. ಒಲೆಯ ಪಕ್ಕ ಬುಟ್ಟಿಯಲ್ಲಿ ಏಡಿಯ ಖಾಲಿ ಚಿಪ್ಪುಗಳಿದ್ದವು. ಸಾವಿನ ಮನೆಯಿಂದ ಉಲಮಿಲ ಯಾರ ಕೈಯಲ್ಲೋ ಮೊಮ್ಮಕ್ಕಳಿಗೆ ಎರಡು ಏಡಿ ಕಳಿಸಿದ್ದಳು. ಮಕ್ಕಳು ಚಿಪ್ಪುಗಳನ್ನು ಬಿಸಾಡದೆ ಆಡಲು ಇಟ್ಟುಕೊಂಡಿದ್ದವು.

ಅಂಗಳದಲ್ಲಿ ಊರೇ ನೆರೆದಿತ್ತು. ಯಾರೋ ಏಣಿ ತಂದು ಆನಿಸಿದರು. "ಹತ್ತೇ ಕಪ್ಪೇ, ಹತ್ತು!"

ವಿಲಿಸಿ ಹತ್ತಿದಳು. ಹತ್ತದೆ ಹಿಂದಿರುಗಿದರೆ ನಗೆಪಾಟಲು. ಅದಕ್ಕಿಂತ ಹೆಚ್ಚಾಗಿ ಅವಳಿಗೆ ತಗಡು ಬೇಕಾಗಿತ್ತು. ಮಕ್ಕಳನ್ನು ನೋಡಿದ ಮೇಲೂ ಬೇಕಾಗಿತ್ತು, ಅದನ್ನು ಮುಚ್ಚಿಡುವುದೇನಿದೆ. ಮುಂದಿನ ಮೊದಲ ತಗಡಿನ ಮೊಳೆಗೆ ಸುತ್ತಿಗೆಯ ಹಿಂಬದಿ ಸಿಕ್ಕಿಸಿ ಎಳೆದಳು. ಕಿರ್ ಎಂದು ಒಂದು ಮೊಳೆ ಬಂತು. ಇನ್ನೊಂದು ಬಂತು. ತಗಡಿನ ಮೂಲೆ ಎದ್ದು, ಕೆಳಗಿನ ಚಾಪೆಯ ಮೇಲೆ ಬಿಸಿಲು ಬಿತ್ತು. ಮಲಗಿದ್ದ ಕೂಸು ಕಣ್ಣು ಕಿರಿದು ಮಾಡಿ ಅಳತೊಡಗಿತು.

"ಎಳಿಯೇ, ಎಳಿ!" ಎಂದು ಕೆಳಗಿನಿಂದ ಕೂಗಿದಳು ಉಲಮಿಲ. "ಇನ್ಮೇಲೆ ನಮಗೆ ದೀಪ ಹಚ್ಚೋ ಕೆಲಸವಿಲ್ಲ!" ಎಂದು ನಕ್ಕಳು. ಜನರೂ ನಕ್ಕರು. ಉಲಮಿಲ ನಗುತ್ತಲೇ ಇದ್ದಳು, ಎಲ್ಲರ ನಗು ನಿಂತ ಮೇಲೂ.

ವಿಲಿಸಿಯ ಕೈ ನಿಂತಿತು. ಆ ನಗು ಗಂಟಲಿನದು. ಎಲ್ಲಿ ನೋಯುತ್ತದೆ, ಎಷ್ಟು ಹೊತ್ತಿಗೆ ನೋಯಲು ಶುರುವಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾಡಿನ ಮೇಲೆ ಕುಕ್ಕರಿಸಿದವಳಿಗೆ ಒಮ್ಮೆಗೇ ಸುಸ್ತು ಹತ್ತಿಕೊಂಡು ಬಂತು. ವರ್ಷದ ಕೆಸರು, ಕೊಚ್ಚಿಹೋದ ಗೂಡು, ಮುಳುಗಿ ತೆಗೆದ ಚಿಪ್ಪು, ಎಲ್ಲದರ ಸುಸ್ತು. ಹಣೆಯನ್ನು ಬಿಸಿ ತಗಡಿಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಹಾಗೇ ಇದ್ದಳು. ಕೆಳಗಿನವರು ಅವಳು ನಗುತ್ತಿದ್ದಾಳೆ ಎಂದುಕೊಂಡರು.

ಆಮೇಲೆ ತಲೆಯೆತ್ತಿ, ಊರಿಗೆಲ್ಲ ಕೇಳುವಂತೆ ಕೂಗಿದಳು:

"ಥೂ! ಇದೇನ್ರೇ ಇದು, ತಗಡಾ? ನಮ್ಮೂರ ನಾಯಿಗೂ ಇಂಥದ್ದು ಹೊದಿಸಲ್ಲ! ಬಾಯಲ್ಲಿ ಹಲ್ಲಿಲ್ಲ, ಮಾಡಲ್ಲಿ ತಗಡಿಲ್ಲ, ನೀನೂ ಒಬ್ಬ ಹೆಂಗಸೇನೇ ಉಲಮಿಲಾ? ಇದನ್ನ ಹೊತ್ಕೊಂಡು ಹೋದ್ರೆ ನನ್ನ ಮರ್ಯಾದೆ ಹೋಗುತ್ತೆ!"

ಅಂಗಳ ಬಿದ್ದು ಬಿದ್ದು ನಕ್ಕಿತು. ಉಲಮಿಲ ನಗಲಿಲ್ಲ. ಬಾಯಿ ಅರ್ಧ ತೆರೆದುಕೊಂಡು, ಬಿಸಿಲಿಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತ ನಿಂತಿದ್ದಳು.

ಕಿತ್ತ ಮೊಳೆಗಳು ಸೊಟ್ಟಗಾಗಿದ್ದವು. ವಿಲಿಸಿ ಅವನ್ನು ತಗಡಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿದಳು. ಹಳೆಯ ತೂತಿಗೇ ಇಟ್ಟು ಎರಡನ್ನೂ ಮತ್ತೆ ಹೊಡೆದಳು. ಪಕ್ಕದ ತಗಡು ಗಾಳಿಗೆ ಅಲುಗಾಡುತ್ತಿತ್ತು. "ಒಂದು ಮೊಳೆ ಕೊಡ್ರೇ," ಎಂದು ಕೆಳಗೆ ಕೈ ಚಾಚಿ, ಅದಕ್ಕೂ ಒಂದು ಹೊಡೆದಳು.